ಎರಡೂವರೆ ವರ್ಷದ ಗಣರಾಜ್ಯ: ಅರ್ಮೇನಿಯ, 1918–1920

ಅರ್ಮೇನಿಯದ ಮೊದಲ ಗಣರಾಜ್ಯ ಹುಟ್ಟಿದ್ದು 1918ರ ಮೇ ಕೊನೆಯಲ್ಲಿ, ಅಳಿದದ್ದು 1920ರ ಡಿಸೆಂಬರ್ 2ರಂದು. ಮೆಡಿಟರೇನಿಯನ್ ತೀರದ ಕಿಲಿಕಿಯದಲ್ಲಿದ್ದ ಅರ್ಮೇನಿಯನ್ ಅರಸೊತ್ತಿಗೆ 1375ರಲ್ಲಿ ಮಾಮ್ಲೂಕರ ಪಾಲಾದ ಮೇಲೆ ಆ ಜನಕ್ಕೆ ತಮ್ಮದೆನ್ನುವ ರಾಷ್ಟ್ರವೇ ಇರಲಿಲ್ಲ. ಹಾಗೆಂದು ಈ ಗಣರಾಜ್ಯವನ್ನು ಶತಮಾನಗಳ ಸ್ವಾತಂತ್ರ್ಯ ಹೋರಾಟದ ಫಲವೆಂದು ಬಣ್ಣಿಸಲಾಗದು. ಅದನ್ನು ಕಟ್ಟಿದವರಲ್ಲಿ ಬಹುಪಾಲು ಮಂದಿ ಅದನ್ನು ಬಯಸಿದವರೇ ಅಲ್ಲ. ನೆಚ್ಚಿಕೊಂಡಿದ್ದ ಆಸರೆಗಳೆಲ್ಲ ಒಂದೊಂದಾಗಿ ಕುಸಿದಾಗ ಬೇರೆ ದಾರಿ ಕಾಣದೆ ಸ್ವತಂತ್ರರಾದವರು.

ಸ್ವತಂತ್ರ ಅರ್ಮೇನಿಯದ ಕನಸು ಕಂಡವರು ಹಿಂದೆಯೂ ಇದ್ದರು. 18ನೇ ಶತಮಾನದ ಉತ್ತರಾರ್ಧದಲ್ಲಿ ಮದರಾಸಿನಲ್ಲಿ ನೆಲೆಸಿದ್ದ ಅರ್ಮೇನಿಯನ್ ವರ್ತಕ ಶಾಹಾಮಿರ್ ಶಾಹಾಮಿರಿಯನ್, ಮುಂದೆಂದೋ ಉದಯಿಸಬೇಕಾದ ಅರ್ಮೇನಿಯನ್ ಗಣರಾಜ್ಯಕ್ಕೆ ಒಂದು ಸಂವಿಧಾನವನ್ನೇ ರಚಿಸಿ ಅದೇ ಊರಿನ ಅಚ್ಚುಕೂಟದಲ್ಲಿ ಮುದ್ರಿಸಿದ್ದ. ನೆಲವಿಲ್ಲದ ನಾಡಿಗೆ ಕಾನೂನು ಬರೆದ ಆ ಸಾಹಸ ಗ್ರಂಥವಾಗಿಯೇ ಉಳಿಯಿತು. 19ನೇ ಶತಮಾನದ ಹೊತ್ತಿಗೆ ಅರ್ಮೇನಿಯನ್ನರ ತಾಯ್ನೆಲ ಎರಡು ಸಾಮ್ರಾಜ್ಯಗಳ ನಡುವೆ ಹಂಚಿಹೋಗಿತ್ತು. 1828ರ ತುರ್ಕಮೆಂಚಾಯ್ ಒಪ್ಪಂದದ ಮೂಲಕ ಯೆರೆವಾನ್ ಪ್ರದೇಶ ಪರ್ಷಿಯದಿಂದ ರಷ್ಯಕ್ಕೆ ಬಂತು. 1878ರಲ್ಲಿ ಕಾರ್ಸ್ ಕೂಡ ರಷ್ಯದ ವಶವಾಯಿತು. ಪಶ್ಚಿಮದ ವಾನ್, ಬಿಟ್ಲಿಸ್, ಎರ್ಜುರುಮ್ ಪ್ರಾಂತಗಳು ಒಟ್ಟೋಮನ್ ಸುಲ್ತಾನರ ಆಳ್ವಿಕೆಯಲ್ಲೇ ಉಳಿದವು. 1890ರಲ್ಲಿ ಟಿಫ್ಲಿಸ್‌ನಲ್ಲಿ ಸ್ಥಾಪನೆಯಾದ ದಾಶ್ನಾಕ್ ಪಕ್ಷ ಅರ್ಮೇನಿಯನ್ ರಾಜಕಾರಣದ ಮುಖ್ಯ ಶಕ್ತಿಯಾಗಿ ಬೆಳೆಯಿತು. ಅದು ಕೇಳುತ್ತಿದ್ದುದು ಸುಧಾರಣೆ ಮತ್ತು ಸ್ವಾಯತ್ತತೆಯನ್ನು, ಪ್ರತ್ಯೇಕ ರಾಷ್ಟ್ರವನ್ನಲ್ಲ.

1915ರ ನರಮೇಧ ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. ಒಟ್ಟೋಮನ್ ಅರ್ಮೇನಿಯನ್ನರು ಲಕ್ಷಗಟ್ಟಲೆ ಹತರಾದರು. ಬದುಕುಳಿದವರಲ್ಲಿ ಸುಮಾರು ಮೂರು ಲಕ್ಷ ಮಂದಿ ಗಡಿ ದಾಟಿ ರಷ್ಯದ ಕಾಕಸಸ್ ಸೇರಿದರು. ಅವರ ಪಾಲಿಗೆ ರಷ್ಯದ ಸೈನ್ಯವೇ ರಕ್ಷೆ. 1917ರ ಕ್ರಾಂತಿಯ ನಂತರ ಆ ಸೈನ್ಯವೇ ರಣರಂಗ ಬಿಟ್ಟು ಊರ ಹಾದಿ ಹಿಡಿಯಿತು. 1918ರ ಮಾರ್ಚ್ 3ರ ಬ್ರೆಸ್ಟ್-ಲಿಟೊವ್‌ಸ್ಕ್ ಒಪ್ಪಂದದಲ್ಲಿ ಬೋಲ್ಶೆವಿಕ್ ಸರ್ಕಾರ ಕಾರ್ಸ್, ಅರ್ದಹಾನ್, ಬಟೂಮ್‌ಗಳನ್ನು ತುರ್ಕರಿಗೆ ಒಪ್ಪಿಸಿತು. ಜಾರ್ಜಿಯನ್ನರು, ಅರ್ಮೇನಿಯನ್ನರು, ಅಜೆರಿಗಳು ಕೂಡಿ ಏಪ್ರಿಲ್ 22ರಂದು ಘೋಷಿಸಿದ ಟ್ರಾನ್ಸ್‌ಕಾಕೇಷಿಯ ಒಕ್ಕೂಟ ಐದು ವಾರವೂ ಬಾಳಲಿಲ್ಲ. ಮೂವರಿಗೂ ಬೇರೆ ಬೇರೆ ಹಿತಗಳಿದ್ದವು: ಜಾರ್ಜಿಯ ಜರ್ಮನಿಯ ರಕ್ಷಣೆ ಹುಡುಕುತ್ತಿತ್ತು, ಅಜೆರಿ ನಾಯಕರಿಗೆ ತುರ್ಕರು ಬಂಧುಗಳು, ಅರ್ಮೇನಿಯನ್ನರಿಗೆ ಅದೇ ತುರ್ಕರು ಕಾಲನ ರೂಪ.

ಏಪ್ರಿಲ್ 25ರಂದು ಕಾರ್ಸ್ ಕೋಟೆಯೂ ಮೇ 15ರಂದು ಅಲೆಕ್ಸಾಂಡ್ರೊಪೋಲ್ (ಇಂದಿನ ಗ್ಯೂಮ್ರಿ) ನಗರವೂ ತುರ್ಕರ ವಶವಾದವು. ಅವರ ಸೈನ್ಯ ಯೆರೆವಾನ್‌ಗೆ ಸುಮಾರು 40 ಕಿ.ಮೀ. ದೂರದ ಸರ್ದಾರಾಪಾತ್ ಬಯಲಿಗೆ ಬಂದು ನಿಂತಿತು. ನಾಯಕರೆನಿಸಿಕೊಂಡವರೆಲ್ಲ ದೂರದ ಟಿಫ್ಲಿಸ್‌ನಲ್ಲಿ ಚರ್ಚೆಯಲ್ಲಿ ಮುಳುಗಿದ್ದಾಗ, ಯೆರೆವಾನ್‌ನಲ್ಲಿ ದಾಶ್ನಾಕ್ ನಾಯಕ ಆರಾಮ್ ಮನುಕಿಯನ್ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡು ಜನ, ದವಸ, ಗುಂಡು, ಗಾಡಿಗಳನ್ನು ಒಟ್ಟುಮಾಡಿದ. ತುರ್ಕರು ಹತ್ತಿರವಾದಾಗ ಎಚ್ಮಿಯಾಡ್ಜಿನ್ ಮಠವನ್ನು ತೊರೆಯಲು ಧರ್ಮಗುರು ಐದನೇ ಗೆವೋರ್ಗ್ ಒಪ್ಪಲಿಲ್ಲ. ಇಗರ್ಜಿಯ ಗಂಟೆಗಳನ್ನು ಬಾರಿಸಿ ಜನರನ್ನು ಕರೆಯಲಾಯಿತು. ಮೊವ್‌ಸೆಸ್ ಸಿಲಿಕಿಯನ್ ಮುಂದಾಳತ್ವದಲ್ಲಿ ಸರ್ದಾರಾಪಾತ್‌ನಲ್ಲಿ, ದ್ರೋ ಎಂದೇ ಹೆಸರಾದ ದ್ರಸ್ತಮಾತ್ ಕನಾಯನ್ ಮುಂದಾಳತ್ವದಲ್ಲಿ ಬಾಷ್ ಅಬರಾನ್‌ನಲ್ಲಿ, ತೋವ್ಮಾಸ್ ನಜರ್‌ಬೆಕಿಯನ್ ಮುಂದಾಳತ್ವದಲ್ಲಿ ಕರಾಕಿಲಿಸಾದಲ್ಲಿ ಮೇ ಕೊನೆಯ ಹತ್ತು ದಿನ ಘೋರ ಕಾಳಗ ನಡೆಯಿತು. ರಷ್ಯದ ಸೈನ್ಯದಲ್ಲಿ ಪಳಗಿದ್ದ ಯೋಧರ ಜೊತೆಗೆ ರೈತರೂ ನಿರಾಶ್ರಿತರೂ ನಿಂತು ಕಾದಿದರು. ಮೊದಲ ಎರಡು ಕಡೆ ತುರ್ಕರು ಹಿಮ್ಮೆಟ್ಟಿದರು. ಕರಾಕಿಲಿಸಾ ಕೈತಪ್ಪಿತಾದರೂ ಶತ್ರುವಿನ ಓಟಕ್ಕೆ ಅಲ್ಲಿ ತಡೆ ಬಿತ್ತು.

ಒಕ್ಕೂಟ ಮುರಿದು ಮೇ 26ರಂದು ಜಾರ್ಜಿಯ, 28ರಂದು ಅಜೆರ್ಬೈಜಾನ್ ಸ್ವತಂತ್ರವಾದವು. ಟಿಫ್ಲಿಸ್‌ನಲ್ಲಿದ್ದ ಅರ್ಮೇನಿಯನ್ ರಾಷ್ಟ್ರೀಯ ಮಂಡಳಿ 30ರಂದು ಹೊರಡಿಸಿದ ಘೋಷಣೆಯನ್ನು 28ನೇ ತಾರೀಖಿನಿಂದ ಜಾರಿಗೆ ಬಂದದ್ದೆಂದು ಪರಿಗಣಿಸಲಾಯಿತು. ಅರ್ಮೇನಿಯನ್ ಜಿಲ್ಲೆಗಳ ಪರಮಾಧಿಕಾರ ತನ್ನದೆಂದಷ್ಟೇ ಮಂಡಳಿ ಸಾರಿತು. ಸ್ವಾತಂತ್ರ್ಯದ ಮಾತು ಅದರಲ್ಲಿ ಬರಲೇ ಇಲ್ಲ. ಯುದ್ಧದ ಫಲಿತಾಂಶ ಆ ಹೊತ್ತಿಗೆ ಟಿಫ್ಲಿಸ್‌ಗೆ ಸ್ಪಷ್ಟವಾಗಿ ತಲುಪಿರಲಿಲ್ಲ. ಜೂನ್ 4ರ ಬಟೂಮ್ ಒಪ್ಪಂದ ಹೊಸ ರಾಷ್ಟ್ರಕ್ಕೆ ಬಿಟ್ಟುಕೊಟ್ಟದ್ದು ಸುಮಾರು 11 ಸಾವಿರ ಚದರ ಕಿ.ಮೀ. ಗುಡ್ಡಗಾಡು. ಆ ರಾಷ್ಟ್ರವನ್ನು ಮಾನ್ಯ ಮಾಡಿದ ಮೊದಲ ದೇಶ ಒಟ್ಟೋಮನ್ ಸಾಮ್ರಾಜ್ಯವೇ ಎಂಬುದು ಚರಿತ್ರೆಯ ಕ್ರೂರ ವ್ಯಂಗ್ಯ.

ವಾಸ್ತುಶಿಲ್ಪಿಯಾಗಿದ್ದ ಹೊವ್‌ಹಾನ್ನೆಸ್ ಕಾಜಜ್ನೂನಿ ಮೊದಲ ಪ್ರಧಾನಿ. ಸರ್ಕಾರ ಟಿಫ್ಲಿಸ್‌ನಿಂದ ಯೆರೆವಾನ್‌ಗೆ ಬಂದದ್ದು ಜುಲೈನಲ್ಲಿ. ರಾಜಧಾನಿ ಎನ್ನಲು ಅಲ್ಲಿದ್ದುದು ಧೂಳು ತುಂಬಿದ ಒಂದು ಪ್ರಾಂತೀಯ ಪಟ್ಟಣ. ಹೊರಜಗತ್ತಿಗೆ ಇದ್ದ ರೈಲುಮಾರ್ಗ ಜಾರ್ಜಿಯ ದಾಟಿ ಹೋಗಬೇಕಿತ್ತು. ಆ ಜಾರ್ಜಿಯದೊಂದಿಗೇ 1918ರ ಡಿಸೆಂಬರ್‌ನಲ್ಲಿ ಲೋರಿ ಪ್ರದೇಶಕ್ಕಾಗಿ ಯುದ್ಧ ಹತ್ತಿಕೊಂಡಿತು, ಧಾನ್ಯ ಬರುವುದು ನಿಂತಿತು. ಆ ಚಳಿಗಾಲ ಹಸಿವಿಗೂ ಟೈಫಸ್ ಜ್ವರಕ್ಕೂ ಬಲಿಯಾದವರು ಸುಮಾರು ಎರಡು ಲಕ್ಷ, ಅಂದರೆ ಜನಸಂಖ್ಯೆಯ ಐದನೇ ಒಂದು ಪಾಲಿನಷ್ಟು. ಗೃಹಮಂತ್ರಿಯಾಗಿದ್ದ ಆರಾಮ್ ಮನುಕಿಯನ್ ಕೂಡ 1919ರ ಜನವರಿಯಲ್ಲಿ ಅದೇ ಜ್ವರದಿಂದ ತೀರಿಕೊಂಡ. ವಸಂತದಲ್ಲಿ ಅಮೆರಿಕದ ಹಿಟ್ಟಿನ ಮೂಟೆಗಳು ಬರತೊಡಗಿದ ಮೇಲೆ ಸಾವು ಇಳಿಯಿತು.

ಇಂಥ ಸ್ಥಿತಿಯಲ್ಲೂ ರಾಜ್ಯವ್ಯವಸ್ಥೆ ಎಂಬುದೊಂದು ರೂಪುಗೊಂಡದ್ದು ಗಮನಾರ್ಹ. 1919ರ ಜೂನ್ ಚುನಾವಣೆಯಲ್ಲಿ ಮಹಿಳೆಯರಿಗೂ ಮತದಾನದ ಹಕ್ಕಿತ್ತು. 80 ಸ್ಥಾನಗಳ ಸಂಸತ್ತಿಗೆ ಮೂವರು ಮಹಿಳೆಯರು ಆಯ್ಕೆಯಾದರು. 72 ಸ್ಥಾನ ದಾಶ್ನಾಕ್ ಪಕ್ಷಕ್ಕೆ ದಕ್ಕಿತು. ವಿಶ್ವವಿದ್ಯಾಲಯ 1920ರ ಜನವರಿ ಕೊನೆಯಲ್ಲಿ ಅಲೆಕ್ಸಾಂಡ್ರೊಪೋಲ್‌ನಲ್ಲಿ ಬಾಗಿಲು ತೆರೆಯಿತು. ಆದರೆ ಏಕಪಕ್ಷ ಪ್ರಾಬಲ್ಯದಿಂದ ಸಂಸತ್ತು ಸೊರಗಿ, ನಿಜವಾದ ನಿರ್ಧಾರಗಳು ಪಕ್ಷದ ಬ್ಯೂರೋದಲ್ಲಾದವು. ಕಾರ್ಸ್ ಪ್ರದೇಶ, ನಖಿಚೆವಾನ್, ಅರಾರಾತ್ ಬಯಲುಗಳಲ್ಲಿದ್ದ ಮುಸ್ಲಿಂ ಜನಸಮುದಾಯವನ್ನು ಪ್ರಜೆಗಳಾಗಿ ಒಳಗೊಳ್ಳುವಲ್ಲಿ ಗಣರಾಜ್ಯ ಸೋತಿತು. ಬಂಡಾಯ, ಸೇಡು, ಹಳ್ಳಿ ಸುಡುವುದು, ಒಕ್ಕಲೆಬ್ಬಿಸುವುದು ಎರಡೂ ಕಡೆಯಿಂದ ನಡೆದವು. ಕರಾಬಾಖ್ ಮತ್ತು ಜಂಗೆಜೂರ್‌ಗಾಗಿ ಅಜೆರ್ಬೈಜಾನಿನೊಂದಿಗಿನ ಕಲಹದಲ್ಲಿ 1920ರ ಮಾರ್ಚ್‌ನಲ್ಲಿ ಶುಶಿ ನಗರದ ಅರ್ಮೇನಿಯನ್ ಭಾಗ ಸುಟ್ಟುಹೋಯಿತು, ಅಲ್ಲಿನ ಜನರ ಕಗ್ಗೊಲೆಯಾಯಿತು.

1918ರ ಅಕ್ಟೋಬರ್‌ನಲ್ಲಿ ಒಟ್ಟೋಮನ್ನರು ಶರಣಾದ ಮೇಲೆ ಯೆರೆವಾನ್‌ನ ಕಣ್ಣೆಲ್ಲ ಪ್ಯಾರಿಸ್ ಶಾಂತಿ ಸಮ್ಮೇಳನದ ಮೇಲೆ. ಅಲ್ಲಿ ಅರ್ಮೇನಿಯನ್ನರ ಪರವಾಗಿ ಎರಡು ನಿಯೋಗಗಳಿದ್ದವು: ಸರ್ಕಾರದ ಪರ ಅವೆತಿಸ್ ಅಹರೋನಿಯನ್, ಒಟ್ಟೋಮನ್ ಅರ್ಮೇನಿಯನ್ನರ ಪರ ಬೋಘೋಸ್ ನುಬಾರ್. ಇಬ್ಬರೂ ಕೂಡಿ ಕಪ್ಪು ಸಮುದ್ರದಿಂದ ಮೆಡಿಟರೇನಿಯನ್‌ವರೆಗಿನ ಅರ್ಮೇನಿಯವನ್ನು ಕೇಳಿದರು. 1919ರ ವಸಂತದಲ್ಲಿ ಕಾರ್ಸ್ ಮರಳಿ ಬಂದದ್ದು ಆಸೆಯನ್ನು ಹೆಚ್ಚಿಸಿತು. ಮಿತ್ರರಾಷ್ಟ್ರಗಳು ಮಾತಿನಲ್ಲಿ ಉದಾರವಾಗಿದ್ದವು, ಸೈನಿಕರನ್ನು ಕಳಿಸಲು ಯಾರೂ ಸಿದ್ಧರಿರಲಿಲ್ಲ. 1920ರ ಜೂನ್ 1ರಂದು ಅಮೆರಿಕದ ಸೆನೆಟ್ ಅರ್ಮೇನಿಯದ ಪಾಲನೆಯ ಹೊಣೆಯನ್ನು 52–23 ಮತಗಳಿಂದ ತಳ್ಳಿಹಾಕಿತು.

ಈ ನಡುವೆ ಅಂಕಾರಾದಲ್ಲಿ ತುರ್ಕಿ ರಾಷ್ಟ್ರೀಯವಾದಿಗಳ ನಾಯಕ ಮುಸ್ತಫಾ ಕೆಮಾಲ್ ಬಲಗೊಳ್ಳುತ್ತಿದ್ದ. ಏಪ್ರಿಲ್ ಕೊನೆಯಲ್ಲಿ ಕೆಂಪು ಸೇನೆ ಬಾಕು ನಗರ ಹಿಡಿಯಿತು. ಮೇ ತಿಂಗಳಲ್ಲಿ ಅಲೆಕ್ಸಾಂಡ್ರೊಪೋಲ್‌ನ ಬೋಲ್ಶೆವಿಕರು ‘ವರ್ದಾನ್ ಜೊರವಾರ್’ ಎಂಬ ಕವಚದ ರೈಲನ್ನೇ ಕೇಂದ್ರವಾಗಿಸಿಕೊಂಡು ದಂಗೆಯೆದ್ದರು. ಹಾಮೋ ಒಹಾಂಜಾನಿಯನ್ ನೇತೃತ್ವದ ಹೊಸ ಸರ್ಕಾರ ಅದನ್ನು ಬಲಪ್ರಯೋಗದಿಂದ ಹತ್ತಿಕ್ಕಿತು. ಆಗಸ್ಟ್ 10ರಂದು ಅಹರೋನಿಯನ್ ಸಹಿ ಹಾಕಿದ, ಮಿತ್ರರಾಷ್ಟ್ರಗಳು ಮತ್ತು ಒಟ್ಟೋಮನ್ ಸರ್ಕಾರದ ನಡುವಿನ ಸೆವ್ರ್ ಒಪ್ಪಂದ ಅರ್ಮೇನಿಯವನ್ನು ಸ್ವತಂತ್ರ ರಾಷ್ಟ್ರವೆಂದು ಒಪ್ಪಿ, ಪಶ್ಚಿಮದ ಗಡಿ ನಿಗದಿಯನ್ನು ಅಮೆರಿಕದ ಅಧ್ಯಕ್ಷ ವಿಲ್ಸನ್‌ಗೆ ಬಿಟ್ಟಿತು. ಅದೇ ದಿನ ಟಿಫ್ಲಿಸ್‌ನಲ್ಲಿ ಅರ್ಮೇನಿಯದ ಪ್ರತಿನಿಧಿಗಳು ಇನ್ನೊಂದು ಕಾಗದಕ್ಕೂ ಸಹಿ ಹಾಕಿದರು: ಕರಾಬಾಖ್, ಜಂಗೆಜೂರ್, ನಖಿಚೆವಾನ್‌ಗಳಲ್ಲಿ ಕೆಂಪು ಸೇನೆ ತಾತ್ಕಾಲಿಕವಾಗಿ ಬೀಡುಬಿಡಲು ಅದರಲ್ಲಿ ಒಪ್ಪಿಗೆಯಿತ್ತು. ಗಣರಾಜ್ಯದ ನೈಜ ಬಲವನ್ನು ಅಳೆಯಲು ಟಿಫ್ಲಿಸ್‌ನ ಕಾಗದವೇ ಹೆಚ್ಚು ನಂಬಲರ್ಹ.

ಸೆಪ್ಟೆಂಬರ್ ಕೊನೆಯಲ್ಲಿ ಕೆಮಾಲ್ ಪಾಳೆಯದ ಸೇನಾಪತಿ ಕಾಜಿಮ್ ಕರಾಬೆಕಿರ್‌ನ ಪಡೆ ದಾಳಿಯಿಟ್ಟು ಸರಿಕಾಮಿಷ್ ಹಿಡಿಯಿತು. ಅಕ್ಟೋಬರ್ 30ರಂದು ಕಾರ್ಸ್ ಕೋಟೆ ಹೆಚ್ಚು ಪ್ರತಿರೋಧವಿಲ್ಲದೆ ಒಂದೇ ದಿನದಲ್ಲಿ ಬಿತ್ತು. ಎರಡೂವರೆ ವರ್ಷದ ಹಿಂದೆ ಸರ್ದಾರಾಪಾತ್‌ನಲ್ಲಿ ಕಾದಿದ್ದ ಜನವೇ ಹೀಗೆ ಕೈಚೆಲ್ಲಿದ್ದಕ್ಕೆ ದಣಿವು, ಹಸಿವು, ಬೋಲ್ಶೆವಿಕ್ ಪ್ರಚಾರ ಎಲ್ಲವೂ ಕಾರಣ. ಆಗ ಹಿಂದೆ ಸರಿಯಲು ಜಾಗವಿರಲಿಲ್ಲ, ಈಗ ಉತ್ತರದಲ್ಲಿ ರಷ್ಯ ಮತ್ತೆ ಕಾಣಿಸಿಕೊಂಡಿತ್ತು ಎಂಬುದೂ ಅಷ್ಟೇ ಮುಖ್ಯ. ನವೆಂಬರ್ 7ರಂದು ಅಲೆಕ್ಸಾಂಡ್ರೊಪೋಲ್ ತುರ್ಕರ ಕೈಸೇರಿತು. ವಾನ್, ಬಿಟ್ಲಿಸ್, ಎರ್ಜುರುಮ್, ಟ್ರೆಬಿಜಾಂಡ್‌ಗಳ ದೊಡ್ಡ ಭಾಗವನ್ನು ಅರ್ಮೇನಿಯಕ್ಕೆ ಕೊಡುವ ನಿರ್ಣಯಕ್ಕೆ ವಿಲ್ಸನ್ ಸಹಿ ಹಾಕಿದ್ದು ನವೆಂಬರ್ 22ರಂದು!

ಕೊನೆಯ ಪ್ರಧಾನಿ ಸಿಮೊನ್ ವ್ರಾತ್ಸಿಯನ್‌ನ ಆಡಳಿತ ವಾರವಷ್ಟೇ ನಡೆಯಿತು. ನವೆಂಬರ್ 29ರಂದು ಅಜೆರ್ಬೈಜಾನಿನ ಕಡೆಯಿಂದ ಬಂದ ಬೋಲ್ಶೆವಿಕ್ ಕ್ರಾಂತಿ ಸಮಿತಿ ಸೋವಿಯತ್ ಅರ್ಮೇನಿಯವನ್ನು ಘೋಷಿಸಿತು. ಡಿಸೆಂಬರ್ 2ರಂದು ರಷ್ಯದ ಪ್ರತಿನಿಧಿ ಬೋರಿಸ್ ಲೆಗ್ರಾನ್ ಜೊತೆ ಒಪ್ಪಂದವಾಗಿ ಅಧಿಕಾರ ಹಸ್ತಾಂತರವಾಯಿತು. ಅದೇ ರಾತ್ರಿ ಅಲೆಕ್ಸಾಂಡ್ರೊಪೋಲ್‌ನಲ್ಲಿ ಸಂಧಾನ ನಿಯೋಗದ ಮುಖ್ಯಸ್ಥ ಅಲೆಕ್ಸಾಂಡರ್ ಖಾತಿಸಿಯನ್, ತನ್ನ ಸರ್ಕಾರ ಅಧಿಕಾರ ಬಿಟ್ಟುಕೊಟ್ಟ ಮೇಲೆ, ಸೆವ್ರ್ ಒಪ್ಪಂದವನ್ನು ತ್ಯಜಿಸುವ ಸಂಧಿಗೆ ಕರಾಬೆಕಿರ್ ಎದುರು ಸಹಿ ಮಾಡಿದ. ಬಟೂಮ್ ಒಪ್ಪಂದದಲ್ಲೂ ಈತನ ಸಹಿಯಿತ್ತು.

ಮುಂದಿನದು ಉಪಕಥೆ. ಬೋಲ್ಶೆವಿಕರ ಬಲವಂತದ ಧಾನ್ಯ ವಸೂಲಿ ಮತ್ತು ಬಂಧನಗಳ ವಿರುದ್ಧ 1921ರ ಫೆಬ್ರವರಿ 18ರಂದು ಎದ್ದ ದಂಗೆ ಯೆರೆವಾನ್ ಅನ್ನು ಏಪ್ರಿಲ್ 2ರವರೆಗೆ ಮರಳಿ ಗೆದ್ದುಕೊಂಡಿತ್ತು. ಸೋತವರು ಜಂಗೆಜೂರ್‌ನ ಬೆಟ್ಟಗಳಿಗೆ ಸರಿದು, ಅಲ್ಲಿ ಹೋರಾಡುತ್ತಿದ್ದ ಸೇನಾನಿ ಗರೆಗಿನ್ ನ್ಜ್‌ದೆ ಜೊತೆಗೂಡಿದರು. ಪರ್ವತ ಅರ್ಮೇನಿಯವೆಂಬ ಹೆಸರಿನಲ್ಲಿ ಅವರು ಕಟ್ಟಿದ ಪುಟ್ಟ ರಾಜ್ಯವೂ ಜುಲೈನಲ್ಲಿ ಮುಗಿಯಿತು. ಆ ಪ್ರತಿರೋಧದ ಫಲವಾಗಿಯೇ ಜಂಗೆಜೂರ್ ಸೋವಿಯತ್ ಅರ್ಮೇನಿಯದಲ್ಲಿ ಉಳಿಯಿತು ಎಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಸೆವ್ರ್ ಒಪ್ಪಂದದ ಜಾಗಕ್ಕೆ ಬಂದ 1923ರ ಲೌಸಾನ್ ಒಪ್ಪಂದದಲ್ಲಿ ಅರ್ಮೇನಿಯದ ಹೆಸರೇ ಇರಲಿಲ್ಲ. ಅದೇ ವರ್ಷ ಕಾಜಜ್ನೂನಿ ತನ್ನ ಪಕ್ಷದ ಮುಂದೆ ಮಂಡಿಸಿದ ವರದಿಯಲ್ಲಿ ಪಕ್ಷಕ್ಕೆ ಇನ್ನು ಮಾಡಲು ಕೆಲಸವಿಲ್ಲವೆಂದು ಬರೆದ. ಆ ಕಟುವಿಮರ್ಶೆಯನ್ನು ನಂತರ ಬೇರೆ ಬೇರೆ ಪಾಳೆಯದವರು ತಮಗೆ ಬೇಕಾದಂತೆ ಬಳಸಿಕೊಂಡರು. ಆತ ಸೋವಿಯತ್ ಅರ್ಮೇನಿಯಕ್ಕೆ ಮರಳಿ, ಸ್ಟಾಲಿನ್ ಕಾಲದಲ್ಲಿ ಬಂಧಿತನಾಗಿ 1938ರಲ್ಲಿ ಮಡಿದ. ಗಣರಾಜ್ಯದ ಕೆಂಪು, ನೀಲಿ, ಕಿತ್ತಳೆ ಬಾವುಟ 1990ರಲ್ಲಿ ಮರಳಿ ಬಂತು. ತುರ್ಕಿಯೊಂದಿಗಿನ ಗಡಿ ಮಾತ್ರ 1921ರ ಅಕ್ಟೋಬರ್ 13ರ ಕಾರ್ಸ್ ಒಪ್ಪಂದ ಗುರುತಿಸಿದ್ದೇ ಇಂದಿಗೂ ಇದೆ. ಕಾರ್ಸ್, ಹಳೆಯ ರಾಜಧಾನಿ ಅನಿ, ಅರಾರಾತ್ ಪರ್ವತ ಮೂರೂ ಅದರ ಪಶ್ಚಿಮಕ್ಕಿವೆ.