ಕಡಲೊಳಗಿನ ದ್ವಾರಕೆ

ಅರ್ಜುನನು ಯಾದವ ಪರಿವಾರವನ್ನು ಹೊರಡಿಸಿಕೊಂಡು ಬರುತ್ತಿದ್ದಂತೆಯೇ ಸಮುದ್ರವು ದ್ವಾರಕೆಯನ್ನು ಆವರಿಸಿತೆಂದು ಮಹಾಭಾರತದ ಮೌಸಲಪರ್ವವು ಹೇಳುತ್ತದೆ. ಆ ನಗರಿಯ ಕುರುಹನ್ನು ಅರಸಿದವರಲ್ಲಿ ಅಗ್ರಗಣ್ಯರು, ಲೋಥಲ್ ಉತ್ಖನನದಿಂದ ಖ್ಯಾತರಾದ ಕನ್ನಡಿಗ ಡಾ. ಎಸ್. ಆರ್. ರಾವ್.

1979-80ರಲ್ಲಿ ದ್ವಾರಕಾಧೀಶ ಮಂದಿರದ ಬಳಿ ಉತ್ಖನನ ನಡೆಸಿದ ಅವರು, 1983ರಿಂದ ಕಡಲ ತಳವನ್ನೇ ಶೋಧಿಸಿದರು. ಕೆತ್ತಿದ ಕಲ್ಲುಗಳೂ ಮೂರು ರಂಧ್ರಗಳ ತ್ರಿಕೋನಾಕಾರದ ಕಲ್ಲಿನ ಲಂಗರುಗಳೂ ದೊರೆತವು. ಬೇಟ್ ದ್ವಾರಕೆಯಲ್ಲಿ ಮೂರು ತಲೆಯ ಪ್ರಾಣಿಯನ್ನು ಕೊರೆದ ಶಂಖದ ಮುದ್ರೆಯೊಂದು ಸಿಕ್ಕಿತು. ಇದೇ ಶ್ರೀಕೃಷ್ಣನ ದ್ವಾರಕೆಯೆಂದು ರಾವ್ ಪ್ರತಿಪಾದಿಸಿದರು. ಅನಂತರದ ಸಂಶೋಧಕರಾದರೋ, ನೀರಿನಡಿಯ ಅನೇಕ ಅವಶೇಷಗಳು ಬಹಳ ಈಚಿನ ಬಂದರಿಗೆ ಸೇರಿದವೆಂದರು. 2025ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಅಲ್ಲಿ ಶೋಧವನ್ನು ಪುನರಾರಂಭಿಸಿತು.

ಯಾತ್ರಿಕರು ಒಂದೇ ದಿನದಲ್ಲಿ ದ್ವಾರಕಾಧೀಶನ ದರ್ಶನ, ಗೋಮತೀ ಸ್ನಾನ ಮುಗಿಸಿ ಬೇಟ್ ದ್ವಾರಕೆಗೂ ಹೋಗಿಬರಬಹುದು. ಹಿಂದೆ ಓಖಾದಿಂದ ದೋಣಿಯಲ್ಲೇ ದಾಟಬೇಕಿದ್ದ ಕಡಲಿಗೆ 2024ರಲ್ಲಿ ಸುದರ್ಶನ ಸೇತುವೆ ಬಂದಿದೆ.

ಮಾಧ್ವರಿಗೆ ಈ ಕಡಲತೀರ ಪರಕೀಯವಲ್ಲ. ದ್ವಾರಕೆಯಿಂದ ಹೊರಟ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಲುಕಿದಾಗ ಶ್ರೀಮದಾಚಾರ್ಯರು ಅದನ್ನು ಪಾರುಮಾಡಿದರು. ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗಿನ ಶ್ರೀಕೃಷ್ಣನನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿದರು ಎಂಬುದು ಸಂಪ್ರದಾಯ.

ಕಲ್ಲುಗಳ ಕಾಲವನ್ನು ನಿರ್ಣಯಿಸುವುದು ಪುರಾತತ್ತ್ವಜ್ಞರ ಕಾರ್ಯ. ಆ ನಿರ್ಣಯ ಯಾವುದೇ ಆಗಲಿ, ಕನಕನ ಕಿಂಡಿಯ ಮುಂದೆ ನಿಂತ ಭಕ್ತನ ದರ್ಶನಕ್ಕೆ ಅದರಿಂದ ಕೊರತೆಯಿಲ್ಲ. ಆದ್ದರಿಂದ ಸಿಕ್ಕಿದ ಸಾಕ್ಷ್ಯವನ್ನು ಉತ್ಪ್ರೇಕ್ಷಿಸದೆ, ಇದ್ದಷ್ಟನ್ನೇ ಮಕ್ಕಳಿಗೆ ತಿಳಿಸುವುದು ಸತ್ಯಕ್ಕೂ ಭಕ್ತಿಗೂ ಶ್ರೇಯಸ್ಕರ.

ಶ್ರೀಕೃಷ್ಣಾರ್ಪಣಮಸ್ತು.