ಶಂಕೆಗೆ ಗುರಿಯಾದ ಶ್ರೀದೇವಿ: ವಿನಯಾ ಪ್ರಸಾದ್ ಅವರ ಮಲಯಾಳ ಪಾತ್ರಗಳ ಮರು ಓದು

ವಿನಯಾ ಪ್ರಸಾದ್ ಅವರ ಮಲಯಾಳ ವೃತ್ತಿಜೀವನದಲ್ಲಿ ಮೂರು ಮೈಲಿಗಲ್ಲುಗಳಿವೆ: ಅಜಯನ್ ನಿರ್ದೇಶನದ ‘ಪೆರುಂತಚ್ಚನ್’ (1990), ಫಾಸಿಲ್ ನಿರ್ದೇಶನದ ‘ಮಣಿಚಿತ್ರತ್ತಾಳ್’ (1993) ಮತ್ತು ಏಷ್ಯಾನೆಟ್ ವಾಹಿನಿಯ ಧಾರಾವಾಹಿ ‘ಸ್ತ್ರೀ’ (1998–2000). ಉಡುಪಿಯ ಈ ನಟಿಯ ಬಗ್ಗೆ ಬಂದಿರುವ ಪರಿಚಯ ಲೇಖನಗಳು ಈ ಮೂರನ್ನೂ ಇಳಿಜಾರಿನ ಹಾಗೆ ಜೋಡಿಸುತ್ತವೆ. ಮೊದಲು ಗಂಭೀರ ಚಿತ್ರ, ಆಮೇಲೆ ಭರ್ಜರಿ ಯಶಸ್ಸಿನ ಚಿತ್ರವೊಂದರಲ್ಲಿ ಪೋಷಕ ಪಾತ್ರ, ಸಿನಿಮಾದ ಅವಕಾಶ ತಗ್ಗಿದ ಮೇಲೆ ಕಿರುತೆರೆ. ನಟಿಯರ ಬಗ್ಗೆ ಬರೆಯುವಾಗ ವಯಸ್ಸನ್ನೇ ಅಳತೆಗೋಲು ಮಾಡಿಕೊಳ್ಳುವ ಹಳೆಯ ಚಾಳಿಯ ಫಲವಿದು. ಪಾತ್ರಗಳನ್ನೂ ವರ್ಷಗಳನ್ನೂ ಎದುರುಬದುರು ಇಟ್ಟು ನೋಡಿದರೆ ಈ ಜೋಡಣೆ ನಿಲ್ಲುವುದಿಲ್ಲ.

ಎಂ.ಟಿ. ವಾಸುದೇವನ್ ನಾಯರ್ ಚಿತ್ರಕಥೆ ಬರೆದ ‘ಪೆರುಂತಚ್ಚನ್’ನಲ್ಲಿ ಅವರು ತಂಬುರಾಟ್ಟಿ, ಅಂದರೆ ಒಡೆಯರ ಮನೆಯ ಹೆಣ್ಣು; ತಿಲಕನ್ ಅವರ ಶಿಲ್ಪಿ ರಾಮನ್ ಮನಸ್ಸಿನಲ್ಲೇ ಆರಾಧಿಸುವ ಹೆಣ್ಣು. ಆಕೆಯ ಪತಿಯಾಗಿ ನೆಡುಮುಡಿ ವೇಣು. ಕಥೆ ವರ್ಷಗಳನ್ನು ದಾಟಿ ಮುಂದಿನ ತಲೆಮಾರಿಗೆ ಹೋದಾಗ ಬೆಂಗಳೂರಿನಲ್ಲಿ ಬೆಳೆದ ಮೋನಿಷಾ ಯುವನಾಯಕಿಯಾಗಿ ಬರುತ್ತಾರೆ, ವಿನಯಾ ಹಿರಿಯರ ಸಾಲಿಗೆ ಸರಿಯುತ್ತಾರೆ. ಅದೇ ಹೊತ್ತಿಗೆ ಕನ್ನಡದಲ್ಲಿ ಅವರು ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990), ‘ಗೌರಿ ಗಣೇಶ’ (1991) ಚಿತ್ರಗಳಲ್ಲಿ ಅನಂತನಾಗ್ ಜೋಡಿಯಾಗಿ ನಗಿಸುತ್ತಿದ್ದ ನಾಯಕಿ. ಮೂರು ವರ್ಷ ಕಳೆದು ‘ಮಣಿಚಿತ್ರತ್ತಾಳ್’ ಬಂದಾಗ ಪತಿಯಾಗಿದ್ದ ಅದೇ ನೆಡುಮುಡಿ ವೇಣು ವಿನಯಾ ಪಾತ್ರದ ತಂದೆಯಾಗಿದ್ದರು. ‘ಆತಂಕ’ ಚಿತ್ರಕ್ಕೆ ಕರ್ನಾಟಕ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಬಂದದ್ದೂ ಅದೇ ಅವಧಿಯ ಕೆಲಸಕ್ಕೆ. ನಾಯಕಿಯಿಂದ ತಾಯಿಯ ಪಾತ್ರಕ್ಕೆ ಎಂಬ ರೂಢಿಯ ಕ್ರಮ ಇಲ್ಲಿ ಮೊದಲೇ ತಲೆಕೆಳಗಾಗಿದೆ. (ಕನ್ನಡದ ಚಲನಚಿತ್ರ ಬರಹ ಚಂದ್ರಗಿರಿ ಹೊಳೆ ದಾಟಿ ಮಲಯಾಳದತ್ತ ಕಾಲಿಡುವುದೇ ಅಪರೂಪವಾದ್ದರಿಂದ ಈ ಸರಳ ಹೋಲಿಕೆಯೂ ನಡೆದಂತಿಲ್ಲ.)

ಚರ್ಚೆಯ ಗಂಟು ಇರುವುದು ‘ಮಣಿಚಿತ್ರತ್ತಾಳ್’ನಲ್ಲಿ ವಿನಯಾ ಮಾಡಿದ ಶ್ರೀದೇವಿಯ ಪಾತ್ರದಲ್ಲಿ. ಮಧು ಮುಟ್ಟಂ ಬರೆದ, ಕೊಚ್ಚಿ ಸಮೀಪದ ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಮತ್ತು ತಿರುವಾಂಕೂರು ಅರಸರ ಹಳೆಯ ಪದ್ಮನಾಭಪುರಂ ಅರಮನೆಯಲ್ಲಿ ಚಿತ್ರೀಕರಣಗೊಂಡ ‘ಮಣಿಚಿತ್ರತ್ತಾಳ್’ ಬಗ್ಗೆ ಬಂದಿರುವ ಬರಹದ ರಾಶಿಯೆಲ್ಲ ಶೋಭನಾ ಅಭಿನಯಿಸಿದ ಗಂಗೆ ಮತ್ತು ರೋಗದ ಭರದಲ್ಲಿ ಆಕೆ ತಾನೆಂದುಕೊಳ್ಳುವ ನಾಗವಲ್ಲಿಯ ಸುತ್ತ ತಿರುಗುತ್ತದೆ. ಮನೋರೋಗ, ದಮನಿತ ಬಯಕೆ, ತರವಾಡಿನ ಮನೆಯ ಅಧಿಕಾರ, ಎಲ್ಲವೂ ಆಕೆಯ ಮೂಲಕವೇ. ಶ್ರೀದೇವಿಗೆ ಸಿಗುವುದು ಒಂದು ವಾಕ್ಯ: ಪ್ರೇಕ್ಷಕರ ದಾರಿ ತಪ್ಪಿಸಲು ಇಟ್ಟ ಪಾತ್ರ.

ಈ ಓದು ಚಿತ್ರವನ್ನು ಕೊನೆಯಿಂದ ಹಿಂದಕ್ಕೆ ನೋಡುತ್ತದೆ. ಮೊದಲಿನಿಂದ ನೋಡುವವರ ಅನುಭವ ಬೇರೆ. ಶ್ರೀದೇವಿ ಒಮ್ಮೆ ನಕುಲನಿಗೆ ನಿಶ್ಚಯವಾಗಿದ್ದವಳು. ಕುಜದೋಷದ ಜಾತಕದಿಂದಾಗಿ ಬಾಳು ಮುರಿದು ತವರಿನಲ್ಲಿರುವವಳು. ನಕುಲ ಕಲ್ಕತ್ತದಿಂದ ಹೆಂಡತಿ ಗಂಗೆಯೊಂದಿಗೆ ತರವಾಡು ಮನೆಯಾದ ಮಾಡಂಪಳ್ಳಿಗೆ ಬಂದ ಮೇಲೆ ಮನೆಯಲ್ಲಿ ವಿವರಣೆಗೆ ಸಿಗದ ಅವಘಡಗಳು ಶುರುವಾಗುತ್ತವೆ, ಕಣ್ಣುಗಳೆಲ್ಲ ಶ್ರೀದೇವಿಯ ಕಡೆ ತಿರುಗುತ್ತವೆ. ಮೋಹನ್‌ಲಾಲ್ ಅವರ ಡಾಕ್ಟರ್ ಸನ್ನಿ ಈ ಶಂಕೆಯನ್ನು ತಿದ್ದುವುದಿಲ್ಲ. ಬೇಕೆಂದೇ ಬೆಳೆಯಲು ಬಿಡುತ್ತಾನೆ. ಆಕೆಯನ್ನು ಕೋಣೆಯಲ್ಲಿ ಕೂಡಿಹಾಕಲಾಗುತ್ತದೆ. ರೋಗಿ ಗಂಗೆ ಎಂದು ಸನ್ನಿ ನಕುಲನಿಗೆ ಹೇಳುವವರೆಗೆ ಚಿತ್ರದ ಭಾವಭಾರ ಹೊತ್ತಿರುವುದು ಶ್ರೀದೇವಿಯೇ.

ಅಭಿನಯದ ಕಷ್ಟವೂ ಇಲ್ಲೇ ಇದೆ. ಆ ಮುಖದಲ್ಲಿ ಅಪರಾಧದ ಛಾಯೆ ಹೆಚ್ಚಾದರೆ ಎರಡನೆಯ ಸಲ ನೋಡುವವರಿಗೆ ಅದು ನಿರ್ದೇಶಕನ ಮೋಸವಾಗಿ ಕಾಣುತ್ತದೆ. ಮುಗ್ಧತೆ ಹೆಚ್ಚಾದರೆ ಮೊದಲ ಸಲವೇ ಗುಟ್ಟು ಬಯಲಾಗುತ್ತದೆ. ಬೇಕಾದದ್ದು ಎರಡಕ್ಕೂ ಒಗ್ಗುವ ದುಃಖ. ಬಿಟ್ಟುಹೋದ ಮದುವೆಯ ನೋವು, ತನ್ನ ಜಾಗದಲ್ಲಿ ಇನ್ನೊಬ್ಬಳನ್ನು ದಿನವೂ ನೋಡುವ ಸಂಕಟ, ಎರಡನ್ನೂ ನುಂಗಿಕೊಂಡ ಮೌನ. ನೋಡುಗರು ಅದನ್ನು ಹೊಟ್ಟೆಕಿಚ್ಚು ಎಂದು ಓದಿಕೊಂಡರೆ ತಪ್ಪು ನೋಡುಗರದು. ಮನೆಯ ಹೆಣ್ಣೊಬ್ಬಳ ಮೇಲೆ ಮನೆಯವರೇ ಹೊರಿಸುವ ಶಂಕೆ, ಅದಕ್ಕೆ ಬಾಯಿಬಿಟ್ಟು ಉತ್ತರಿಸಲಾಗದ ಸ್ಥಿತಿ: ಮುಂದೆ ಎರಡು ದಶಕ ದಕ್ಷಿಣದ ಧಾರಾವಾಹಿಗಳು ಬದುಕಿದ್ದು ಈ ಬಂಡವಾಳದ ಮೇಲೆ.

ಮಲಯಾಳಿಯಲ್ಲದ ನಟಿಯರಿಗೆ ಬೇರೆಯವರು ಕಂಠ ಕೊಡುತ್ತಿದ್ದರು, ಆದ್ದರಿಂದ ಅಭಿನಯದ ಶ್ರೇಯಸ್ಸು ಹಂಚಿಹೋಗುತ್ತದೆ ಎಂಬ ಆಕ್ಷೇಪ ಆಗಾಗ ಕೇಳುತ್ತದೆ. ಇದೇ ಚಿತ್ರದಲ್ಲಿ ಗಂಗೆಯ ಮಾತು ಭಾಗ್ಯಲಕ್ಷ್ಮಿ ಅವರದು. ನಾಗವಲ್ಲಿಯ ತಮಿಳು ಮಾತು ದುರ್ಗಾ ಅವರದು ಎಂದು ಫಾಸಿಲ್ ಎಷ್ಟೋ ವರ್ಷಗಳ ಮೇಲೆ ಸ್ಪಷ್ಟಪಡಿಸಿದರು. ಅಷ್ಟಾದರೂ ಶೋಭನಾ ಅವರ ರಾಷ್ಟ್ರಪ್ರಶಸ್ತಿಯ ಅರ್ಹತೆಯನ್ನು ಪ್ರಶ್ನಿಸುವವರಿಲ್ಲ, ಪ್ರಶ್ನಿಸಬೇಕಾದ್ದೂ ಇಲ್ಲ. ಆ ಔದಾರ್ಯ ಒಬ್ಬರಿಗೆ ಸಲ್ಲುವುದಾದರೆ ಇನ್ನೊಬ್ಬರಿಗೆ ಯಾಕಿಲ್ಲ ಎನ್ನುವುದಕ್ಕೆ ಆಕ್ಷೇಪಿಸುವವರೇ ಉತ್ತರ ಹೇಳಬೇಕು.

ಪುನರ್ನಿರ್ಮಾಣಗಳಲ್ಲೂ ವಿನಯಾ ಅದೇ ಪಾತ್ರ ಮಾಡಿದರು ಎಂಬ ಇನ್ನೊಂದು ಪ್ರಮಾದ ಕೈಯಿಂದ ಕೈಗೆ ದಾಟುತ್ತಿದೆ. ಪಿ. ವಾಸು ನಿರ್ದೇಶನದ ಕನ್ನಡದ ‘ಆಪ್ತಮಿತ್ರ’ದಲ್ಲಿ (2004) ಆ ಸ್ಥಾನ ಪ್ರೇಮಾ ಅವರದು, ತಮಿಳಿನ ‘ಚಂದ್ರಮುಖಿ’ಯಲ್ಲಿ (2005) ನಯನತಾರಾ ಅವರದು. ‘ಚಂದ್ರಮುಖಿ’ಯಲ್ಲಿ ವಿನಯಾ ಇದ್ದಾರೆ ನಿಜ, ಆದರೆ ನಾಸರ್ ಅವರ ಪತ್ನಿಯಾಗಿ, ಮನೆಯ ಹಿರಿಯಳಾಗಿ. ತಮಿಳಿನಲ್ಲಿ ಶ್ರೀದೇವಿಯ ಸ್ಥಾನದ ಹುಡುಗಿ ರಜನಿಕಾಂತ್ ಜೋಡಿಯಾಗಿಬಿಟ್ಟಳು. ಶಂಕೆಯ ಹೊರೆ ಹಗುರವಾಯಿತು. ಆ ಹೊರೆ ಮೂಲದಲ್ಲಿ ಎಷ್ಟು ಭಾರವಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

‘ಸ್ತ್ರೀ’ ಧಾರಾವಾಹಿಯನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಬೇಕು. ತಿರುವನಂತಪುರ ದೂರದರ್ಶನ 1985ರಲ್ಲಿ ಮಲಯಾಳ ಪ್ರಸಾರ ಆರಂಭಿಸಿದ ಮೇಲೆ ಅಲ್ಲಿನ ಧಾರಾವಾಹಿಗಳು ಹೆಚ್ಚಾಗಿ 13 ಕಂತುಗಳ ಚೌಕಟ್ಟಿನವು. ಶಶಿಕುಮಾರ್ ಸ್ಥಾಪಿಸಿದ, ತಿರುವನಂತಪುರ ಮೂಲದ ಏಷ್ಯಾನೆಟ್ 1993ರಲ್ಲಿ, ಅಂದರೆ ‘ಮಣಿಚಿತ್ರತ್ತಾಳ್’ ತೆರೆಕಂಡ ವರ್ಷವೇ, ಪ್ರಸಾರಕ್ಕಿಳಿಯಿತು. ಐದು ವರ್ಷಗಳ ನಂತರ ‘ಸ್ತ್ರೀ’ಯ ಇಂದುವಾಗಿ ವಿನಯಾ ಮನೆಮನೆಯ ಹೆಸರಾದರು. ಎದುರಿಗೆ ‘ಇನ್ ಹರಿಹರ್ ನಗರ್’ ಖ್ಯಾತಿಯ ಸಿದ್ದಿಕ್. ಮಲಯಾಳದ ಮೊದಲ ಮೆಗಾ ಧಾರಾವಾಹಿ ಯಾವುದೆಂಬ ಜಗಳ ಇಲ್ಲಿ ಅಪ್ರಸ್ತುತ. ಕಣ್ಣೀರಿನ ಗೃಹಿಣಿ ಮುಂಬೈಯಿಂದ ಕೇರಳಕ್ಕೆ ಬಂದಳು ಎಂಬ ವಾದವನ್ನು ಮಾತ್ರ ಉತ್ತರಿಸದೆ ಬಿಡಲಾಗದು. ಏಕ್ತಾ ಕಪೂರ್ ಅವರ ‘ಕ್ಯೋಂಕಿ ಸಾಸ್ ಭಿ ಕಭಿ ಬಹೂ ಥಿ’ ಶುರುವಾದದ್ದು 2000ದ ಜುಲೈಯಲ್ಲಿ, ರಾಧಿಕಾ ಅವರ ತಮಿಳು ‘ಚಿತ್ತಿ’ 1999ರಲ್ಲಿ. ‘ಸ್ತ್ರೀ’ ಎರಡಕ್ಕೂ ಹಿಂದಿನದು. ಅದರ ಓರಗೆಯದನ್ನು ಹುಡುಕುವುದಾದರೆ 1998ರಲ್ಲೇ ಬೆಂಗಳೂರಿನಲ್ಲಿ ಟಿ.ಎನ್. ಸೀತಾರಾಮ್ ಮತ್ತು ಸಂಗಡಿಗರು ಕಟ್ಟಿದ ‘ಮಾಯಾಮೃಗ’ವಿದೆ, ಅದರ ಮನೋಧರ್ಮ ಬೇರೆಯಾದರೂ.

ಈ ಗೃಹಿಣಿಯ ಕಥೆಗೆ ಮುಂಬೈಯ ಬದಲು ಮೆಕ್ಸಿಕೋದ ಟೆಲಿನೊವೆಲಾಗಳ ನಂಟನ್ನು ಮುಂದಿಡುವವರಿಗೆ ಸ್ವಲ್ಪ ಹೆಚ್ಚು ಆಧಾರವಿದೆ. ಟೆಲೆವಿಸಾ ಸಂಸ್ಥೆಗಾಗಿ ಮಿಗೆಲ್ ಸಾಬಿದೊ 1970ರ ದಶಕದಲ್ಲಿ ರೂಪಿಸಿದ ಸಾಮಾಜಿಕ ಸಂದೇಶದ ಟೆಲಿನೊವೆಲಾ ಮಾದರಿ ದೂರದರ್ಶನದ ‘ಹಮ್ ಲೋಗ್’ಗೆ (1984–85, 156 ಕಂತು) ಪ್ರೇರಣೆಯಾಗಿತ್ತು. ಆದರೆ ಟೆಲಿನೊವೆಲಾ ಕೆಲವು ತಿಂಗಳಲ್ಲಿ ನಿಶ್ಚಿತ ಮುಕ್ತಾಯಕ್ಕೆ ಬರುವ ಕಥೆ; ‘ಸ್ತ್ರೀ’ ಎರಡು ವರ್ಷಕ್ಕೆ ಚಾಚಿತು. ನಟಿಯ ಪಯಣವೂ ಬೇರೆ ಬಗೆಯದು. 1979ರ ‘ಶ್ರೀಮಂತರೂ ಅಳುತ್ತಾರೆ’ ಟೆಲಿನೊವೆಲಾದ ವೆರೋನಿಕಾ ಕಾಸ್ತ್ರೊ 1990ರ ದಶಕದ ಆರಂಭದಲ್ಲಿ ರಷ್ಯಾದಲ್ಲಿ ಮನೆಮಾತಾದದ್ದು ಮೆಕ್ಸಿಕೋದಲ್ಲಿ ತಯಾರಾದ ಕಂತುಗಳು ಡಬ್ ಆಗಿ ಅಲ್ಲಿಗೆ ಹೋದದ್ದರಿಂದ. ಉಡುಪಿಯ ನಟಿ ಪರಭಾಷೆಯ ಚಿತ್ರೀಕರಣಕ್ಕೇ ಹೋಗಿ, ಆ ನಾಡಿನ ಗೃಹಿಣಿಯೆಂದೇ ಒಪ್ಪಿತರಾದರು.

2018ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಪಾರು’ ಧಾರಾವಾಹಿಯ ಅಖಿಲಾಂಡೇಶ್ವರಿಯಾಗಿ ಅವರು ಕನ್ನಡದ ಹೊಸ ತಲೆಮಾರಿನ ವೀಕ್ಷಕರಿಗೆ ಪರಿಚಿತರಾದರು. ಸಿರಿವಂತ ಮನೆಯ ಯಜಮಾನಿತಿ, ಮನೆಯಲ್ಲಿ ಆಕೆಯ ಮಾತೇ ಕೊನೆ. ಮಾಡಂಪಳ್ಳಿಯಲ್ಲಿ ಶಂಕೆಗೆ ಗುರಿಯಾದ ನಟಿಗೆ ಇಲ್ಲಿ ಸಿಕ್ಕದ್ದು ತೀರ್ಪು ಹೇಳುವವಳ ಪಾತ್ರ.