ಪರಿಣತರ ಎದುರು ನಮ್ಮಂಥವರು: ಕ್ವಿಜ್ ಆಟ ನಡೆದು ಬಂದ ದಾರಿ



ಯುವಕೂಟದಲ್ಲಿ ಕ್ವಿಜ್ ಎಂದು ಬಾಯಿ ತೆರೆದರೆ ಸಾಕು, "ಅದು ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳ ಆಟ, ನಮಗೆಲ್ಲಿ ಬರುತ್ತೆ" ಎಂಬ ಮಾತು ಬಂದೇ ಬರುತ್ತದೆ. ಹಿಂದೂಪುರದವರೂ ಹೀಗೇ ಹೇಳುತ್ತಾರೆ, ಕಲ್ಯಾಣದುರ್ಗದಿಂದ ಬರುವವರೂ ಹೀಗೇ ಹೇಳುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಾಲೇಜಿಗೆ ಹೋದರೆ ಇಂಗ್ಲಿಷ್. ಹೀಗೆ ಬೆಳೆದವರಿಗೆ ಅಳುಕು ಇರುವುದು ಸಹಜವೇ. ಆದರೆ ಈ ಆಟದ ಚರಿತ್ರೆ ನೋಡಿದರೆ ಅದು ಯಾರ ಮನೆಯ ಆಸ್ತಿಯೂ ಆಗಿರಲಿಲ್ಲ ಎಂದು ತಿಳಿಯುತ್ತದೆ. ಅದನ್ನೇ ಈ ಬಾರಿ ಬರೆಯುತ್ತಿದ್ದೇನೆ.

ಮೊದಲು ನಮಗೆ ಹತ್ತಿರದ ಸಂಗತಿ. ಭಾರತದಲ್ಲಿ ಎಲ್ಲರಿಗೂ ಮುಕ್ತವಾದ ಮೊದಲ ಕ್ವಿಜ್ ನಡೆದದ್ದು ಯಾವ ದೊಡ್ಡ ಯೂನಿವರ್ಸಿಟಿಯಲ್ಲೂ ಅಲ್ಲ, ಒಂದು ಚರ್ಚ್ ಹಾಲ್‌ನಲ್ಲಿ. 1967ರಲ್ಲಿ ಕಲ್ಕತ್ತೆಯ ಕ್ರೈಸ್ಟ್ ದಿ ಕಿಂಗ್ ಧರ್ಮಕೇಂದ್ರದ ಹಾಲ್‌ನಲ್ಲಿ ನೀಲ್ ಓಬ್ರಿಯನ್ ಅದನ್ನು ನಡೆಸಿದರು. ಅವರು ಆಂಗ್ಲೋ ಇಂಡಿಯನ್ ಸಮುದಾಯದವರು, ಪುಸ್ತಕ ಪ್ರಕಾಶನದಲ್ಲಿ ಕೆಲಸ ಮಾಡಿದವರು, ಮುಂದೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಭಾರತ ಶಾಖೆಯನ್ನು ಮುನ್ನಡೆಸಿದವರು. ಲೋಕಸಭೆಗೂ ನಾಮಕರಣಗೊಂಡಿದ್ದರು. 2016ರಲ್ಲಿ ತೀರಿಕೊಂಡರು. ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟ್ ಅನ್ನು ಟಿವಿಯಲ್ಲಿ ನಡೆಸಿಕೊಟ್ಟ ಡೆರೆಕ್ ಓಬ್ರಿಯನ್ ಇವರ ಮಗ. ನಮ್ಮ ಹಾಲ್‌ನಲ್ಲಿ ಮದುವೆ ಊಟ, ಕ್ರಿಸ್ಮಸ್ ನಾಟಕದ ತಾಲೀಮು ಬಿಟ್ಟರೆ ಬೇರೆ ಏನೂ ನಡೆಯುವುದಿಲ್ಲ ಎಂದು ಬೇಸರ ಪಡುವವರು ಇದನ್ನು ನೆನಪಿಡಬಹುದು!

ಆದರೆ ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಕ್ವಿಜ್‌ನ ಒಂದು ಬಗೆಯ ಬಗ್ಗೆ. ಒಂದು ಕಡೆ ಎಲ್ಲ ಬಲ್ಲವರು ಎನಿಸಿಕೊಂಡ ಪರಿಣತರು, ಇನ್ನೊಂದು ಕಡೆ ನಮ್ಮಂಥ ಸಾಮಾನ್ಯರು. ಇವರಿಬ್ಬರನ್ನೂ ಎದುರುಬದುರು ಕೂರಿಸುವ ಆಟ ಇದು.

ಇದು ಹಳೆಯದು. 1938ರಲ್ಲಿ ಅಮೆರಿಕದ ರೇಡಿಯೋದಲ್ಲಿ 'ಇನ್ಫರ್ಮೇಷನ್ ಪ್ಲೀಸ್' ಎಂಬ ಕಾರ್ಯಕ್ರಮ ಶುರುವಾಯಿತು. ಅಲ್ಲಿ ಪ್ರಶ್ನೆ ಕೇಳುವವರು ಕೇಳುಗರೇ. ಅವರು ಪತ್ರ ಬರೆದು ಪ್ರಶ್ನೆ ಕಳಿಸಬೇಕು, ಸ್ಟುಡಿಯೋದಲ್ಲಿ ಕೂತ ಪರಿಣತರು ಉತ್ತರಿಸಬೇಕು. ಪ್ರಶ್ನೆ ಆಯ್ಕೆಯಾದರೆ 2 ಡಾಲರ್, ಪರಿಣತರು ತಬ್ಬಿಬ್ಬಾದರೆ 5 ಡಾಲರ್. ಅವರು ಸೋತಾಗ ಅಂಗಡಿಯ ಗಲ್ಲಾಪೆಟ್ಟಿಗೆ ತೆರೆದ ಹಾಗೆ ಟಣ್ ಎಂಬ ಸದ್ದು ಕೇಳಿಸುತ್ತಿತ್ತು. ಆಮೇಲೆ ಹಣದ ಜೊತೆಗೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಪೂರ್ತಿ ಸೆಟ್ ಕೂಡ ಕೊಡತೊಡಗಿದರು. ಶಾಲೆಯಲ್ಲಿ ಮೇಷ್ಟ್ರು ಕೇಳುತ್ತಾರೆ, ನಾವು ನಿಂತು ಉತ್ತರಿಸುತ್ತೇವೆ. ಇಲ್ಲಿ ಅದು ತಿರುಗುಮುರುಗು. ಪ್ರಶ್ನೆ ಕೇಳುವ ಹಕ್ಕು ಜನರದ್ದು, ಬೆವರುವ ಸರದಿ ಬಲ್ಲವರದ್ದು.

ಸೋವಿಯತ್ ರಷ್ಯಾದಲ್ಲೂ ಇಂಥದ್ದೇ ಒಂದು ಬಂತು. 1975ರಲ್ಲಿ ಟಿವಿಯಲ್ಲಿ ಆರಂಭವಾದ 'ಏನು? ಎಲ್ಲಿ? ಯಾವಾಗ?' ಎಂಬ ಕಾರ್ಯಕ್ರಮ ಕೆಲ ವರ್ಷಗಳಲ್ಲಿ ಈ ರೂಪಕ್ಕೆ ಬಂದು ನಿಂತಿತು: ದುಂಡು ಮೇಜಿನ ಸುತ್ತ ಆರು ಜನ ಬಲ್ಲವರು, ನಡುವೆ ತಿರುಗುವ ಬುಗುರಿ, ಬುಗುರಿ ತೋರಿಸಿದ ಲಕೋಟೆಯಲ್ಲಿ ಯಾರೋ ವೀಕ್ಷಕರು ಕಳಿಸಿದ ಪ್ರಶ್ನೆ, ಯೋಚಿಸಲು ಒಂದೇ ನಿಮಿಷ. ಆ ಕಾಲದಲ್ಲಿ ಅಲ್ಲಿ ಬಹುಮಾನ ಅಂದರೆ ಪುಸ್ತಕಗಳು. ಈ ಪುಸ್ತಕದ ವಿಷಯ ಮುಂದೆ ಮತ್ತೆ ಬರುತ್ತದೆ.

ಇದೆಲ್ಲ ಪರದೇಶದ ಕಥೆ ಎನ್ನಬೇಡಿ. ನಮ್ಮ ತೆಲುಗು–ಕನ್ನಡ ಸೀಮೆಯಲ್ಲಿ ಅಷ್ಟಾವಧಾನ ಎಂಬುದು ಎಷ್ಟೋ ಕಾಲದಿಂದ ಇದೆ. ಒಬ್ಬ ಅವಧಾನಿ, ಅವರ ಸುತ್ತ ಎಂಟು ಜನ ಪೃಚ್ಛಕರು. ಒಬ್ಬರು ಸಮಸ್ಯೆಯ ಸಾಲು ಕೊಟ್ಟು ಪದ್ಯ ಪೂರ್ತಿ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಒಂದೊಂದು ಅಕ್ಷರಕ್ಕೂ ಅಡ್ಡಿ ಹಾಕುತ್ತಾರೆ, ಮತ್ತೊಬ್ಬರು ಆಗಾಗ ಗಂಟೆ ಬಾರಿಸಿ ಕೊನೆಗೆ ಎಷ್ಟು ಬಾರಿಸಿದೆ ಎಂದು ಲೆಕ್ಕ ಕೇಳುತ್ತಾರೆ. ಅಪ್ರಸ್ತುತ ಪ್ರಸಂಗದವರ ಕೆಲಸವೇ ಬೇರೆ. ಸಂಬಂಧವೇ ಇಲ್ಲದ ತಮಾಷೆಯ ಪ್ರಶ್ನೆ ಎಸೆದು ಅವಧಾನಿಯ ಗಮನ ಕೆಡಿಸುವುದು. ಸಭೆ ಹೆಚ್ಚು ನಗುವುದು ಅಲ್ಲೇ. ಕೋಲಾರದಲ್ಲಿ ಹುಟ್ಟಿದ ಶತಾವಧಾನಿ ಆರ್. ಗಣೇಶ್ ಕನ್ನಡದಲ್ಲಿ ಈ ಕಲೆಗೆ ಹೊಸ ಜೀವ ಕೊಟ್ಟು, 2014ರಲ್ಲಿ ಸಾವಿರ ಅವಧಾನಗಳನ್ನು ಪೂರೈಸಿದರು. ಒಬ್ಬ ಬಲ್ಲವರನ್ನು ಹಲವರು ಸೇರಿ ಪರೀಕ್ಷಿಸುವ ಆಟ ನಮಗೆ ಹೊಸದಲ್ಲ. ಬಜರ್ ಮಾತ್ರ ಹೊಸದು.

ಈಗ ಕಥೆ ಕೆಡುವ ಭಾಗಕ್ಕೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1956ರಲ್ಲಿ ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ 'ಟ್ವೆಂಟಿ ಒನ್' ಎಂಬ ಕ್ವಿಜ್ ಬರುತ್ತಿತ್ತು. ಇಬ್ಬರು ಸ್ಪರ್ಧಿಗಳು ಹೊರಗಿನ ಸದ್ದು ಕೇಳದ ಗಾಜಿನ ಗೂಡುಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಲ್ಲಬೇಕು. ಗೆದ್ದವರು ಮುಂದಿನ ವಾರವೂ ಬರುತ್ತಾರೆ. ಹರ್ಬರ್ಟ್ ಸ್ಟೆಂಪೆಲ್ ಎಂಬಾತ ಹೀಗೆ ವಾರವಾರ ಗೆಲ್ಲುತ್ತಿದ್ದ. ಸೈನ್ಯದಲ್ಲಿದ್ದು ಬಂದವನು, ಆಗ ಕಾಲೇಜಿನಲ್ಲಿ ಓದುತ್ತಿದ್ದವನು. ನಿರ್ಮಾಪಕರು ಅವನಿಗೆ ಮೊದಲೇ ಉತ್ತರ ಹೇಳಿಕೊಡುತ್ತಿದ್ದರು. ಅಷ್ಟೇ ಅಲ್ಲ, ಹಳೆಯ ಸೂಟ್ ಹಾಕಿಕೊಂಡು ಬಾ, ಕೂದಲು ಹೀಗೆ ಕತ್ತರಿಸಿಕೋ ಎಂದು ಬಡವನಂತೆ ಕಾಣಲು ಏನೇನು ಮಾಡಬೇಕು ಅದನ್ನೂ ಹೇಳಿಕೊಟ್ಟಿದ್ದರು. ಆಮೇಲೆ ಜನರಿಗೆ ಅವನು ಸಾಕಾದ ಎಂದು ಅವರಿಗೆ ಅನಿಸಿತು. ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಹೊಸಬನನ್ನು ಕರೆತಂದರು. ನೋಡಲು ಲಕ್ಷಣವಾಗಿದ್ದ, ಹೆಸರಾಂತ ಸಾಹಿತಿಗಳ ಮನೆತನದವ, ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದವ. ಪರಿಣತ ಎಂದರೆ ಹೇಗಿರಬೇಕು ಎಂದು ಜನ ಅಂದುಕೊಂಡಿದ್ದರೋ ಹಾಗೇ ಇದ್ದ.

ಆ ವರ್ಷದ ಡಿಸೆಂಬರ್‌ನಲ್ಲಿ ಸ್ಟೆಂಪೆಲ್ ಸೋಲಬೇಕೆಂದು ತೀರ್ಮಾನವಾಯಿತು. 1955ರ ಅತ್ಯುತ್ತಮ ಚಿತ್ರಕ್ಕೆ ಆಸ್ಕರ್ ಪಡೆದ ಸಿನಿಮಾ ಯಾವುದು ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಡು ಎಂದರು. ಉತ್ತರ 'ಮಾರ್ಟಿ'. ಅದು ಅವನಿಗೆ ಬಹಳ ಇಷ್ಟವಾದ ಸಿನಿಮಾ! ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಿಂತು ಬೇರೆ ಹೆಸರು ಹೇಳಿದ. ವ್ಯಾನ್ ಡೋರೆನ್ ದೇಶಕ್ಕೇ ಹೀರೋ ಆದ. ಅವನು ಗೆದ್ದ ಹಣ ಒಟ್ಟು 1,29,000 ಡಾಲರ್. ಅವನಿಗೂ ಉತ್ತರಗಳನ್ನು ಮೊದಲೇ ಕೊಟ್ಟಿದ್ದರು. 1959ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅದನ್ನು ಒಪ್ಪಿಕೊಂಡ. ಮೇಷ್ಟ್ರ ಕೆಲಸ ಹೋಯಿತು. ಮರುವರ್ಷ ಕ್ವಿಜ್‌ನಲ್ಲಿ ಹೀಗೆ ಮೋಸ ಮಾಡುವುದು ಅಪರಾಧ ಎಂದು ಕಾನೂನೇ ಬಂತು. ವ್ಯಾನ್ ಡೋರೆನ್ ಮುಂದೆ ಎಲ್ಲಿ ಕೆಲಸ ಮಾಡಿದ ಗೊತ್ತೇ? ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲೇ ಸಂಪಾದಕನಾಗಿ!

ಇದರಲ್ಲಿ ನನಗೆ ಕಾಡುವುದು ಹಣದ ಮೋಸಕ್ಕಿಂತ ಆ ಸೂಟು. ಒಬ್ಬನನ್ನು ಬಡವನ ವೇಷದಲ್ಲಿ, ಇನ್ನೊಬ್ಬನನ್ನು ಪಂಡಿತನ ವೇಷದಲ್ಲಿ ನಿಲ್ಲಿಸಿದವರು ಬೇರೆಯವರು. ಬಲ್ಲವರು ಹೀಗೇ ಕಾಣುತ್ತಾರೆ, ಹೀಗೇ ಮಾತಾಡುತ್ತಾರೆ ಎಂದು ನಾವು ಕೂಡ ನಂಬಿಬಿಟ್ಟಿದ್ದೇವೆ. "ನಮಗೆಲ್ಲಿ ಬರುತ್ತೆ" ಎನ್ನುವ ಮಾತು ಹುಟ್ಟುವುದು ಅಲ್ಲಿಂದಲೇ.

ನಿಜವಾದ ಪರಿಣತರು ಯಾರು ಎಂದು ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ 1972ರಲ್ಲಿ ಬಿಬಿಸಿಯ 'ಮಾಸ್ಟರ್‌ಮೈಂಡ್' ಶುರುವಾಯಿತು. ಕತ್ತಲಲ್ಲಿ ಒಂದು ಕಪ್ಪು ಕುರ್ಚಿ, ಅದರ ಮೇಲೆ ದೀಪ. ಅದನ್ನು ರೂಪಿಸಿದ ಬಿಲ್ ರೈಟ್ ಎರಡನೇ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕು ಗೆಸ್ಟಾಪೊ ವಿಚಾರಣೆ ಅನುಭವಿಸಿದ್ದವರು. ಆ ಕುರ್ಚಿ ಬಂದದ್ದು ಆ ನೆನಪಿನಿಂದ. 1980ರಲ್ಲಿ ಆ ಕುರ್ಚಿಯಲ್ಲಿ ಕೂತು ಗೆದ್ದ ಫ್ರೆಡ್ ಹೌಸ್‌ಗೋ ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. 1983ರಲ್ಲಿ ಗೆದ್ದ ಕ್ರಿಸ್ ಹ್ಯೂಸ್ ರೈಲು ಓಡಿಸುತ್ತಿದ್ದರು.

ಈ ಹ್ಯೂಸ್ ಇಪ್ಪತ್ತು ವರ್ಷದ ನಂತರ ಮತ್ತೆ ಕಾಣಿಸಿಕೊಂಡರು, ಈ ಸಲ ಪರಿಣತರ ಸಾಲಿನಲ್ಲಿ. 2003ರ ನವೆಂಬರ್‌ನಲ್ಲಿ ಬಿಬಿಸಿ 'ಎಗ್‌ಹೆಡ್ಸ್' ಆರಂಭಿಸಿತು. ಒಂದು ಕಡೆ ಐದು ಜನ ಖಾಯಂ ಪರಿಣತರು. ಕೆವಿನ್ ಆಶ್‌ಮನ್, ಬ್ರಿಟನ್ನಿನ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಕಾರ್ಯಕ್ರಮದಲ್ಲಿ 2000ದಲ್ಲಿ ಮೊದಲ ಬಾರಿ ಹತ್ತು ಲಕ್ಷ ಪೌಂಡ್ ಗೆದ್ದ ಜುಡಿತ್ ಕೆಪೆಲ್ ಮುಂತಾದವರು. ಎಲ್ಲರೂ ಒಂದು ಕಾಲದಲ್ಲಿ ನಡುಗುತ್ತಾ ಸ್ಪರ್ಧಿಗಳಾಗಿ ಬಂದವರೇ. ಇನ್ನೊಂದು ಕಡೆ ಯಾವುದೋ ಊರಿನ ಐದು ಜನ ಗೆಳೆಯರು, ಸಹೋದ್ಯೋಗಿಗಳು. ನಾಲ್ಕು ಸುತ್ತು ಒಬ್ಬರಿಗೊಬ್ಬರು. ಸೋತವರು ಕೊನೆಯ ಸುತ್ತಿಗೆ ಇಲ್ಲ. ಉಳಿದವರೆಲ್ಲ ಸೇರಿ ಕೊನೆಯ ಸುತ್ತು. ಊರಿನವರು ಗೆದ್ದರೆ 1,000 ಪೌಂಡ್, ಸೋತರೆ ಆ ಹಣ ಮರುದಿನಕ್ಕೆ ಸೇರಿ ಬೆಳೆಯುತ್ತಿತ್ತು.

ಬಿಎಸ್ಸಿ ಓದಿದವನು ಲೆಕ್ಕ ಮಾಡದೆ ಇರಲಾರ. ಅಲ್ಲಿ ಪ್ರತಿ ಪ್ರಶ್ನೆಗೂ ಮೂರು ಆಯ್ಕೆ. ಕಣ್ಣು ಮುಚ್ಚಿ ಹೇಳಿದರೆ ಮೂರೂ ಪ್ರಶ್ನೆ ಸರಿಯಾಗುವ ಸಾಧ್ಯತೆ 27ರಲ್ಲಿ 1. ಮೂರರಲ್ಲಿ ಒಂದೇ ಒಂದು ಉತ್ತರ ನಿಮಗೆ ಖಚಿತವಾಗಿ ಗೊತ್ತಿದ್ದರೆ ಅದು 9ರಲ್ಲಿ 1 ಆಗುತ್ತದೆ, ಎರಡು ಗೊತ್ತಿದ್ದರೆ 3ರಲ್ಲಿ 1. ಅದೃಷ್ಟ ಎಂದು ನಾವು ಕರೆಯುವುದನ್ನು ಒಂದೊಂದು ಸಣ್ಣ ತಿಳಿವಳಿಕೆಯೂ ಮೂರು ಪಟ್ಟು ಹೆಚ್ಚಿಸುತ್ತದೆ.

ನಮ್ಮ ದೇಶದಲ್ಲಿ 1985ರಲ್ಲಿ ಸಿದ್ಧಾರ್ಥ ಬಸು ದೂರದರ್ಶನದಲ್ಲಿ 'ಕ್ವಿಜ್ ಟೈಮ್' ನಡೆಸಿದರು. 2000ದ ಜುಲೈನಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಬಂತು, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಕನ್ನಡದ ಕೋಟ್ಯಧಿಪತಿ'. ತೆಲುಗಿನಲ್ಲಿ ಮೊದಲು ನಾಗಾರ್ಜುನ, 2021ರಲ್ಲಿ ಜೂನಿಯರ್ ಎನ್‌ಟಿಆರ್. ಹಿಂದೂಪುರದವರು ಈ ಮನೆತನವನ್ನು ಮರೆಯುವುದು ಹೇಗೆ, ತಾತ ಎನ್.ಟಿ. ರಾಮರಾವ್ ನಮ್ಮೂರಿನ ಎಂಎಲ್‌ಎ ಆಗಿದ್ದವರು! ಈ ಕೋಟಿಯ ಕಾರ್ಯಕ್ರಮಗಳ ಬಗ್ಗೆ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ತಿಂಗಳಿಗೆ 6,000 ರೂಪಾಯಿ ಸಂಬಳದ ಕಂಪ್ಯೂಟರ್ ಆಪರೇಟರ್ ಆಗಿದ್ದು 2011ರಲ್ಲಿ 5 ಕೋಟಿ ಗೆದ್ದರು. ಅದು ಸಂತೋಷದ ಸುದ್ದಿ. ಆದರೆ ಗೆದ್ದ ಮೇಲಿನ ದಿನಗಳು ತಮ್ಮ ಬದುಕಿನಲ್ಲೇ ಕಷ್ಟದ ದಿನಗಳಾದವು ಎಂದು 2020ರಲ್ಲಿ ಅವರೇ ಬರೆದುಕೊಂಡರು. ಮುಂದೆ ಅವರು ಶಿಕ್ಷಕರಾದರು.

ಇದಕ್ಕೆ ಎದುರಾಗಿ ಕನ್ನಡದಲ್ಲಿ ಒಂದು ಕ್ವಿಜ್ ಇದೆ. ಡಿಡಿ ಚಂದನದ 'ಥಟ್ ಅಂತ ಹೇಳಿ'. 2002ರ ಜನವರಿಯಲ್ಲಿ ಶುರುವಾಯಿತು. ನಡೆಸಿಕೊಡುವವರು ಡಾ. ನಾ. ಸೋಮೇಶ್ವರ, ವೃತ್ತಿಯಿಂದ ವೈದ್ಯರು. 3,000ಕ್ಕೂ ಹೆಚ್ಚು ಕಂತುಗಳು ಬಂದು ಲಿಮ್ಕಾ ದಾಖಲೆ ಪುಸ್ತಕದಲ್ಲೂ ಹೆಸರು ಸೇರಿದೆ. ಇಲ್ಲಿ ಕೋಟಿಯೂ ಇಲ್ಲ, ಲಕ್ಷವೂ ಇಲ್ಲ, ಸರಿ ಉತ್ತರಕ್ಕೆ ಕನ್ನಡ ಪುಸ್ತಕ. ರಷ್ಯಾದವರು ಮಾಡಿದ್ದೂ ಇದನ್ನೇ ಅಲ್ಲವೇ? ಪುಸ್ತಕಕ್ಕಾಗಿ ಯಾರೂ ಮೋಸ ಮಾಡಲಾರರು. ಮಾಡಿದರೂ ಕೊನೆಗೆ ಅದನ್ನು ಓದಬೇಕಾಗುತ್ತದೆ!

ಆದರೆ ಗಡಿಯ ಮಕ್ಕಳ ತೊಂದರೆಯನ್ನೂ ಹೇಳಬೇಕು. ಪ್ರಶ್ನೆ ಎಂಬುದು ಯಾರದೋ ಪಠ್ಯಪುಸ್ತಕದಿಂದ ಬರುತ್ತದೆ. ಸರ್ವಜ್ಞನ ಬಗ್ಗೆ ಕೇಳಿದರೆ ತೆಲುಗು ಶಾಲೆಯಲ್ಲಿ ವೇಮನನನ್ನು ಕಲಿತ ನಮ್ಮ ಮಗು ಸುಮ್ಮನೆ ಕೂರುತ್ತದೆ. ವೇಮನನ ಬಗ್ಗೆ ಕೇಳಿದರೆ ಬೆಂಗಳೂರಿನ ಮಗು ಸುಮ್ಮನಾಗಬಹುದು, ಆದರೆ ಕೇಳುವವರು ಯಾರು? ನೊಳಂಬರ ರಾಜಧಾನಿ ಯಾವುದು ಎಂದು ಯಾರಾದರೂ ಕೇಳಿದರೆ ಪರಿಣತರು ಥಟ್ಟನೆ ಹೆಂಜೇರು ಎನ್ನುತ್ತಾರೆ. ಆ ಹೆಂಜೇರೇ ನಮ್ಮ ಅಮರಾಪುರಂ ಮಂಡಲದ ಹೇಮಾವತಿ. ಚೋಳರು ಗೆದ್ದು ಹೊತ್ತೊಯ್ದ ನೊಳಂಬ ಕಂಬಗಳು ಇಂದಿಗೂ ತಮಿಳುನಾಡಿನ ತಿರುವೈಯಾರಿನ ಗುಡಿಯಲ್ಲಿ ನಿಂತಿವೆ. ಲೇಪಾಕ್ಷಿಯ ಗೋಡೆಯಲ್ಲಿ ಕನ್ನಡ ಶಾಸನಗಳಿವೆ, ಕಲ್ಯಾಣದುರ್ಗದ ಕಡೆಯವರಿಗೆ ಕಂಬದೂರಿನ ಹಳೆಯ ಮಲ್ಲಿಕಾರ್ಜುನ ಗುಡಿ ಇದೆ. ಅನಂತಪುರ ಜಿಲ್ಲೆಯೇ 1882ರವರೆಗೆ ಬಳ್ಳಾರಿಯ ಭಾಗವಾಗಿತ್ತು. ಇವುಗಳ ಪಕ್ಕದಲ್ಲೇ ಬಸ್ಸಿಗೆ ಕಾಯುವವರು ನಾವು. ಇವನ್ನು ಪ್ರಶ್ನೆಯಾಗಿ ಬರೆಯುವವರು ಮಾತ್ರ ನಮ್ಮಲ್ಲಿ ಇಲ್ಲ.

ಅದಕ್ಕೇ ಕ್ರಿಸ್ತರಾಜರ ಹಬ್ಬದ ಸಂಜೆ ಹಾಲ್‌ನಲ್ಲಿ ಹಳೆಯ ರೇಡಿಯೋ ಆಟವನ್ನು ಆಡೋಣ ಎಂದು ಯುವಕೂಟ ತೀರ್ಮಾನಿಸಿದೆ. ಪರಿಣತರ ಸಾಲಿನಲ್ಲಿ ಫಾದರ್, ಸಿಸ್ಟರ್ ಮತ್ತು ಮೂವರು ಹಿರಿಯರು ಕೂರುತ್ತಾರೆ. ಪ್ರಶ್ನೆ ನಿಮ್ಮದು. ಬೈಬಲ್, ಊರಿನ ಚರಿತ್ರೆ, ವಿಜ್ಞಾನ, ಅಡುಗೆ, ಬೇಸಾಯ, ಯಾವುದಾದರೂ ಸರಿ. ಕನ್ನಡದಲ್ಲಿ ಬರೆದರೂ ಆಯಿತು, ತೆಲುಗಿನಲ್ಲಿ ಬರೆದರೂ ಆಯಿತು. ಚೀಟಿಯ ಹಿಂದೆ ಉತ್ತರವನ್ನೂ, ಅದು ನಿಮಗೆ ಎಲ್ಲಿ ಸಿಕ್ಕಿತು ಎಂಬುದನ್ನೂ ಬರೆದು ಹಾಲ್ ಬಾಗಿಲ ಬಳಿಯ ಡಬ್ಬಿಯಲ್ಲಿ ಹಾಕಿ. ಐದು ಜನರೂ ಸೇರಿ ಉತ್ತರಿಸಲಾಗದ ಪ್ರತಿ ಪ್ರಶ್ನೆಗೂ ಒಂದು ಪುಸ್ತಕ. ಅಜ್ಜಿಯರೂ ಚೀಟಿ ಹಾಕಬಹುದು. ಬರೆಯಲು ಬಾರದಿದ್ದರೆ ಮೊಮ್ಮಕ್ಕಳ ಕೈಲಿ ಬರೆಸಿ.